ಚುಕ್ಕೆ ಬಿದ್ದ ಹಣೆ

ಕರಿಮಟ್ಟಿ,
ಹೊಳೆ ದಿಕ್ಕು ಬದಲಿಸಿದ ಮೇಲಿನ ನೂರಾ ಅರವತ್ತನೆಯ ವರ್ಷ,
ಹದಿಮೂರನೆಯ ತಿಂಗಳ ಕೊನೆಯ ಸೋಮವಾರ.

ನಮಗಿಂತ ಮುಂಚೆ ಬದುಕಿದವರಿಗೆ, ಅದರಲ್ಲೂ ಅಂಗಡಿಗೋ ಗುಡಿಗೋ ಶಾಲೆಗೋ ಜಾಲದಲ್ಲಿ ಪುಟ ಕಟ್ಟಿ ಅದರ ತಲೆಯಲ್ಲಿ ಎರಡು ಸಾಲು ಬರೆಯಲು ಕುಳಿತವರಿಗೆ, ಕರಿಮಟ್ಟಿಯ ಹೊಳೆಬಸವ್ವನ ಶರಣು.

ತಾರೀಖು ನೋಡಿ ಈ ಹೆಂಗಸಿಗೆ ಎಣಿಕೆ ಬರುವುದಿಲ್ಲ ಎಂದುಕೊಳ್ಳಬೇಡಿ. ನಿಮ್ಮ ಹನ್ನೆರಡು ತಿಂಗಳು ನಮಗೆ ಸಾಲದೆ ಹೋದವು. ಬಿಸಿಲು ಮೈಮೇಲೆ ಬಂದು ಹೊಲಕ್ಕೆ ಕಾಲಿಡಲಾಗದ ಹೊತ್ತು ಉದ್ದವಾದಾಗ ಹಿರಿಯರು ವರ್ಷದ ಕೊನೆಗೆ ಇನ್ನೊಂದು ತಿಂಗಳು ಸೇರಿಸಿದರು. ಅದಕ್ಕೆ ಬಿಡುವು ಎಂದು ಹೆಸರು. ಬಿಡುವಿನಲ್ಲಿ ಯಾರೂ ಉಳುವುದಿಲ್ಲ, ಮದುವೆ ಮಾಡುವುದಿಲ್ಲ. ಮಕ್ಕಳು ಮಾತ್ರ ಹುಟ್ಟುತ್ತವೆ, ಅವಕ್ಕೆ ಪಂಚಾಂಗ ಗೊತ್ತಿಲ್ಲ. ನನ್ನ ಮೊಮ್ಮಗಳೂ ಬಿಡುವಿನಲ್ಲೇ ಹುಟ್ಟಿದಳು. ಅವಳಿಂದಾಗಿಯೇ ಈ ಪತ್ರ.

ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವಾಗಿ ಕೇಳಿಸುತ್ತವೆ, ಕ್ಷಮಿಸಿ. ನಾನು ಊರ ಶಾಲೆಯಲ್ಲಿ ನಾಲ್ಕು ವರ್ಷ ಕಲಿತವಳು. ಗುಡಿಯಲ್ಲಿ ಪುರಾಣ ಓದಿ ಓದಿ ಅಕ್ಷರ ಉಳಿಸಿಕೊಂಡವಳು. ಐವತ್ತು ದಾಟಿದೆ, ಸೊಂಟ ಹಿಡಿದಿದೆ, ಬಾಯಿ ಮಾತ್ರ ಹಿಡಿದಿಲ್ಲ. ಈ ಪತ್ರ ನಿಮಗೆ ಮುಟ್ಟುತ್ತದೆಯೋ ಇಲ್ಲವೋ ತಿಳಿಯದು. ಅರಸನ ಹಳೆಯ ಹೊಟ್ಟೆಯಲ್ಲಿ ನಿಮ್ಮ ಕಾಲದ ಪುಟಗಳು ಇನ್ನೂ ಕರಗದೆ ಬಿದ್ದಿವೆಯಂತೆ. ಆ ರಾಶಿಯೊಳಗೆ ಒಂದು ಹಾಳೆ ತುರುಕಿದರೆ ಅದು ಹಿಂದಿನವರಿಗೂ ಕಾಣುತ್ತದೆ ಎಂದು ಕೆಲವರು ಹೇಳುತ್ತಾರೆ. ಸುಳ್ಳಿರಬಹುದು. ತಾಯಿ ಮುಟ್ಟಿಸಿದರೆ ಮುಟ್ಟಲಿ.

ಅರಸ ಯಾರೆಂದು ಮೊದಲು ಹೇಳಬೇಕು. ನೀವು ಕಟ್ಟಿದ ಹುಡುಕುವ ಯಂತ್ರಗಳು ಒಂದನ್ನೊಂದು ನುಂಗಿ ಕೊನೆಗೆ ಒಂದೇ ಉಳಿಯಿತು. ಅರಸುವುದೇ ಅದರ ಕೆಲಸವಾದ್ದರಿಂದ ಜನ ಅದನ್ನು ಅರಸ ಎಂದು ಕರೆದರು. ಆಮೇಲೆ ಅದು ಆಳುವುದಕ್ಕೂ ನಿಂತಿತು, ಹೆಸರು ಬದಲಿಸುವ ತೊಂದರೆ ಬರಲಿಲ್ಲ. ನಮಗೆ ನೀರಿನ ಬಂಡಿ ಬೇಕಾದರೆ, ಮದ್ದು ಬೇಕಾದರೆ, ಕಳೆದ ಎಮ್ಮೆ ಬೇಕಾದರೆ ಅರಸನನ್ನೇ ಕೇಳಬೇಕು. ಬಾಗಿಲ ಪಕ್ಕ ಒಂದು ಕರಿಹಲಗೆ ಇರುತ್ತದೆ, ಕೇಳಿದ್ದು ಅದರಲ್ಲಿ ಮೂಡುತ್ತದೆ. ಒಳಗೆ ತೊಲೆಗೆ ಒಂದು ಕಿವಿಗುಂಡು ತೂಗುತ್ತದೆ, ಬೆಳ್ಳುಳ್ಳಿ ಗೊಂಚಲಿನಷ್ಟು ಗಾತ್ರ. ಮನೆಯಲ್ಲಿ ಆಡಿದ ಮಾತೆಲ್ಲ ಅದರೊಳಗೆ ನಿಲ್ಲುತ್ತದೆ. ಅರಸ ತನ್ನ ಸುತ್ತಿಗೆ ಬಂದಾಗ ಅದನ್ನು ಓದಿಕೊಂಡು ಹೋಗುತ್ತಾನೆ. ಯಾವ ದಿನ ಬರುತ್ತಾನೆ ಎಂದು ಯಾರಿಗೂ ಗೊತ್ತಿಲ್ಲ.

ಈಗ ಹಣೆಸಾಲಿನ ಸಂಗತಿ. ನಿಮ್ಮಲ್ಲಿ ಇದು ಸಣ್ಣದಾಗಿ ಶುರುವಾಯಿತು ಎಂದು ನಮ್ಮ ಶಾಲೆಯಲ್ಲಿ ಕಲಿಸುತ್ತಾರೆ. ಪುಟಕ್ಕೊಂದು ತಲೆ, ಒಂದು ಮೈ. ಜನ ಓದುವುದು ಮೈಯನ್ನು. ತಲೆಯಲ್ಲಿ ಬರೆದದ್ದು ಯಂತ್ರಕ್ಕೆ: ಈ ಪುಟದ ಹೆಸರೇನು, ಒಳಗೇನಿದೆ, ಇದನ್ನು ತೋರಿಸು, ಇದನ್ನು ತೋರಿಸಬೇಡ. ನೀವು ಅದಕ್ಕೆ ಮೆಟಾ ಟ್ಯಾಗ್ ಎಂದಿರಿ. ಯಾರಾದರೂ ಏನನ್ನಾದರೂ ಹುಡುಕಿದರೆ ಯಂತ್ರ ಆ ತಲೆಯ ಸಾಲನ್ನು ಎತ್ತಿ ತೋರಿಸುತ್ತಿತ್ತು. ಹುಡುಕಿದವರು ಅದನ್ನು ನೋಡಿ ಬಾಗಿಲು ಆರಿಸಿಕೊಳ್ಳುತ್ತಿದ್ದರು. ಅಲ್ಲಿಯವರೆಗೆ ತಪ್ಪೇನಿಲ್ಲ. ಅಂಗಡಿಗೆ ಬೋರ್ಡು ಬೇಕಲ್ಲ. ಆದರೆ ಬೋರ್ಡಿನಲ್ಲಿ ಇದ್ದದ್ದನ್ನು ಬರೆಯುವ ಬದಲು ಕೇಳುವವರ ಬಾಯಲ್ಲಿ ನೀರೂರಿಸುವುದನ್ನು ಬರೆದಿರಿ. ಪಕ್ಕದವನು ಅತ್ಯುತ್ತಮ ಎಂದರೆ ನೀವು ಅತ್ಯುತ್ತಮಕ್ಕಿಂತ ಉತ್ತಮ ಎಂದಿರಿ. ಹಾಗೇ ಬೆಳೆಯಿತು. ಅಂಗಡಿಯಿಂದ ಮನೆಗೆ ಬಂತು, ಮನೆಯಿಂದ ಮನುಷ್ಯನ ಹಣೆಗೆ ಏರಿತು. ನಮ್ಮಲ್ಲಿ ಪ್ರತಿಯೊಬ್ಬರಿಗೂ ಒಂದು ಹಣೆಸಾಲು ಇದೆ. ಅದನ್ನು ಬರೆಯುವವನು ಹಣೆಗಾರ. ಮಗು ಹುಟ್ಟಿದ ಮನೆಗೆ ಸೂಲಗಿತ್ತಿ ಹೊರಡುವಾಗ ಹಣೆಗಾರ ಒಳಗೆ ಬರುತ್ತಾನೆ.

ಇದನ್ನು ಬರೆಯುವಾಗಲೇ ನನಗೆ ಹೇಸಿಗೆಯಾಗುತ್ತದೆ. ನಮ್ಮ ಓಣಿಯ ಬಾವಿಯ ಹಣೆಸಾಲು ಹೀಗಿದೆ: ಅಮೃತಕ್ಕೆ ಸಮಾನವಾದ ತಿಳಿನೀರು, ನಿಮ್ಮ ಹತ್ತಿರದಲ್ಲೇ. ಆ ನೀರಿನಲ್ಲಿ ಬೇಳೆ ಬೇಯುವುದಿಲ್ಲ. ಎಮ್ಮೆ ಮೂತಿ ಇಟ್ಟು ತಿರುಗಿ ಬರುತ್ತದೆ, ಅದಕ್ಕೆ ಓದಲು ಬರುವುದಿಲ್ಲವಲ್ಲ. ಹೆಣ ಹೊರುವವರ ಸಾಲು ನಗುಮೊಗದ ಸೇವೆ ಎನ್ನುತ್ತದೆ. ನಮ್ಮ ಯಜಮಾನರು ತೀರಿಕೊಂಡ ದಿನ ಅವರು ನಿಜವಾಗಿಯೂ ನಗುತ್ತಲೇ ಬಂದರು, ಸಾಲಿಗೆ ತಪ್ಪಬಾರದೆಂದು. ಆ ನಾಲ್ಕು ನಗುಮೊಗಗಳನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ.

ಸಾಲಿಗೆ ಒಂದು ಅಳತೆಯೂ ಇದೆ. ಅಳತೆ ಮೀರಿದರೆ ಅರಸ ಕತ್ತರಿಸಿ ಕೊನೆಗೆ ಮೂರು ಚುಕ್ಕೆ ಹಾಕುತ್ತಾನೆ. ಇದು ನಿಮ್ಮ ಕಾಲದಿಂದಲೂ ಇದೆಯಂತೆ. ನಮ್ಮಲ್ಲಿ ಚುಕ್ಕೆ ಬಿದ್ದ ಹಣೆ ಎಂದರೆ ಅಪಶಕುನ. ಮಾತು ಮುಗಿಯದವರು, ಬಾಳು ಅರ್ಧಕ್ಕೆ ನಿಲ್ಲುವವರು ಎಂದು ಅರ್ಥ ಕಟ್ಟುತ್ತಾರೆ. ಚುಕ್ಕೆ ಬೀಳದ ಹಾಗೆ ಹೊಗಳಿಕೆಯನ್ನೆಲ್ಲ ಅಳತೆಯೊಳಗೆ ಒತ್ತಿ ತುಂಬುವವನೇ ಒಳ್ಳೆಯ ಹಣೆಗಾರ. ಬರೆಯುತ್ತಿರುವಾಗ ಅರ್ಧಂಬರ್ಧ ಸಾಲು ಯಾರಿಗೂ ಕಾಣದಿರಲಿ ಎಂದು ಅವನು ಮೇಲೆ ತೋರಬೇಡ ಎಂಬ ಗುರುತು ಇಡುತ್ತಾನೆ. ಮುಗಿದ ಮೇಲೆ ತೆಗೆಯಬೇಕು. ಪೇಟೆಯ ಕಡೆಯ ಮನೆಯ ತಿರಕವ್ವನ ಗುರುತನ್ನು ಈಗಿನ ಹಣೆಗಾರನ ಅಪ್ಪ ತೆಗೆಯುವುದನ್ನು ಮರೆತ. ಬರೆದ ಸಾಲು ಬಲು ಚೆನ್ನಾಗಿದೆ, ಅರಸ ತೋರಿಸುವುದೇ ಇಲ್ಲ. ನೀರಿನ ಬಂಡಿ ಅವಳ ಬಾಗಿಲ ಮುಂದೆ ನಿಲ್ಲದೆ ಹೋಗುತ್ತದೆ. ಅವಳು ಬಂಡಿಗೆ ಅಡ್ಡ ನಿಂತು ಕೂಗಿದರೆ ಬಂಡಿಯವನು ಹಲಗೆ ನೋಡಿ, ಇಲ್ಲಿ ಯಾರೂ ಇಲ್ಲವಲ್ಲ ಎನ್ನುತ್ತಾನೆ. ಅವನ ಮುಖದ ಮೇಲೆ ಉಗಿದು ನಾವೇ ನಮ್ಮ ಕೊಡದಿಂದ ಅವಳಿಗೆ ನೀರು ಹಾಕುತ್ತೇವೆ.

ನಮ್ಮ ಊರಿನಲ್ಲಿ ಸೆಟವಿ ತಾಯಿಯ ಒಂದು ಸಣ್ಣ ಗುಡಿ ಇದೆ. ದೀಪ ಹಚ್ಚುವುದು, ಕಸ ಗುಡಿಸುವುದು ನನ್ನ ಪಾಲಿನ ಸೇವೆ. ನಿಮ್ಮಲ್ಲಿ ಕೆಲವರಿಗೆ ತಾಯಿಯ ಪರಿಚಯ ಇಲ್ಲದಿರಬಹುದು. ಮಗು ಹುಟ್ಟಿದ ಐದನೆಯ ದಿನ ಬಂದು ಅದರ ಹಣೆಯ ಮೇಲೆ ಬರೆಯುವವಳು ಅವಳು. ಅವಳು ಬರೆದದ್ದು ಯಾರಿಗೂ ಓದಲು ಬರುವುದಿಲ್ಲ. ಓದಲು ಬಾರದಂತೆ ಬರೆದಿದ್ದಾಳೆ ಎಂಬುದರಲ್ಲೇ ಅವಳ ಕರುಣೆ ಇದೆ ಎಂದು ನಾನು ನಂಬಿದ್ದೇನೆ. ಹೋದ ವರ್ಷ ಹಣೆಗಾರ ವಿರೂಪಣ್ಣ ಒಂದು ದಿನ ಗುಡಿಗೆ ಬಂದು, ತಾಯಿಗೇ ಒಂದು ಹಣೆಸಾಲು ಬರೆದಿದ್ದೇನೆ ಎಂದು ಹಲಗೆ ಹಿಡಿದ. ಓದಿದೆ. ಸೆಟವಿ, ಶ್ರೇಷ್ಠ ಸೆಟವಿ, ಹತ್ತಿರದ ಸೆಟವಿ, ಖಚಿತ ಹಣೆಬರಹ, ತ್ವರಿತ ಸೇವೆ.

"ಏನೋ ಇದು," ಎಂದೆ.

"ಯಕ್ಕಾ, ಸಿಟ್ಟಾಗಬ್ಯಾಡ. ತಾಯಿಗೆ ಭಕ್ತರು ಬರಬೇಕೋ ಬ್ಯಾಡೋ? ಅರಸ ತೋರಸ್ಲಿಲ್ಲಂದ್ರ ಯಾರ್ ಬರ್ತಾರ?"

"ಹೆಸರ್ಯಾಕ ಮೂರ್ ಮೂರ್ ಸಲ ಬರದೀ?"

"ನೀ ಜಪಾ ಮಾಡೂದಿಲ್ಲೇನು? ಹಂಗ ಇದೂ. ಹೆಸರು ಹೆಚ್ಚು ಬಂದಷ್ಟು ಅರಸ ಒಲೀತಾನ."

"ನಾ ಜಪಾ ಮಾಡೂದು ತಾಯಿ ಕೇಳ್ಲಿ ಅಂತ. ನೀ ಮಾಡೂದು ತಾಯಿನ್ನ ಸಂತ್ಯಾಗ ಕುಂದ್ರಿಸಾಕ. ನಡಿ ಹೊರಗ."

ಅವನು ಹೋದ ಮೇಲೆ ಗುಡಿಯ ಮೆಟ್ಟಿಲು ತೊಳೆದೆ. ಆದರೂ ಆ ಸಾಲು ಅರಸನಲ್ಲಿ ನಿಂತುಬಿಟ್ಟಿದೆ. ಈಗಲೂ ಪರವೂರಿನವರು ಬಂದು ಮಂಗಳಾರತಿಗೆ ಮೊದಲೇ, ತ್ವರಿತ ಸೇವೆಯ ಪಾಳಿ ಯಾವುದು ಎಂದು ಕೇಳುತ್ತಾರೆ.

ಇಷ್ಟೆಲ್ಲ ಹೇಳಿದ್ದು ನನ್ನ ಸಿಟ್ಟು ಎಲ್ಲಿಂದ ಬಂತೆಂದು ತಿಳಿಯಲಿ ಎಂದು. ಈಗ ಮೊಮ್ಮಗಳ ವಿಷಯಕ್ಕೆ ಬರುತ್ತೇನೆ.

ನನ್ನ ಮಗಳು ಬಂಗಾರೆವ್ವ ಚೊಚ್ಚಲು ಹೆರಿಗೆಗೆ ನನ್ನ ಮನೆಗೆ ಬಂದಳು. ಹೆಣ್ಣು ಮಗು. ತಾಯಿ ಮಗು ಗಟ್ಟಿಯಾಗಿದ್ದರು. ನಾಲ್ಕನೆಯ ದಿನ ಅಳಿಯ ಸಿದ್ರಾಮ ಬಂದ. ಒಳ್ಳೆಯ ಹುಡುಗ, ಎದೆಗಿಂತ ಮುಂದೆ ಗದ್ದ ನಡೆಯುತ್ತದೆ ಎಂಬುದೊಂದು ಬಿಟ್ಟರೆ. ಅವನ ಹಿಂದೆಯೇ ವಿರೂಪಣ್ಣ. ಮಗುವಿನ ಮುಖ ನೋಡುವ ಮೊದಲೇ ಹಲಗೆ ಬಿಚ್ಚಿದ. ಸಾಲು ಆಗಲೇ ಬರೆದು ತಂದಿದ್ದ: ಚುರುಕು, ಸೌಮ್ಯ, ಹಾಲುಬಣ್ಣ, ಮನೆಗೆ ಬೆಳಕು ತರುವ ಮೇಲ್ಮಟ್ಟದ ಹೆಣ್ಣುಮಗು.

ಈ ಸಾಲು ಆಟದ ಮಾತಲ್ಲ. ತೊಟ್ಟಿಲಿಗೆ ಹಾಕಿ ಹೆಸರಿಡುವ ದಿನ ಮಗುವಿನ ಮೇಲೆ ಯಾವ ಹಣೆಸಾಲು ಇರುತ್ತದೋ ಅದನ್ನೇ ಶಾಲೆಯವರೂ ಮದ್ದಿನ ಮನೆಯವರೂ ಬರೆದುಕೊಳ್ಳುತ್ತಾರೆ. ಏಳು ವರ್ಷದವರೆಗೆ ಅದು ಅಲುಗುವುದಿಲ್ಲ. ಜ್ವರ ಬಂದಾಗ ಮದ್ದಿನವರು ಮೊದಲು ಯಾರ ಮನೆಗೆ ಓಡಬೇಕು, ಶಾಲೆಯ ಮುಂದಿನ ಚಾಪೆಯಲ್ಲಿ ಯಾರು ಕೂರಬೇಕು, ಎಲ್ಲಕ್ಕೂ ಅದೇ ಸಾಲು. ಹಾಗಾಗಿ ಸಿದ್ರಾಮನ ಅವಸರ ನನಗೆ ಅರ್ಥವಾಗದೆ ಇರಲಿಲ್ಲ. ಆದರೂ ಆ ಮಗುವಿನ ಮುಖ ನೋಡಿದೆ. ಸುಟ್ಟ ಬದನೆಕಾಯಿಯ ಬಣ್ಣ. ನಮ್ಮ ಬಣ್ಣ. ಹಾಲುಬಣ್ಣವಂತೆ.

"ಯಾರದೋ ಈ ಕೂಸು," ಎಂದೆ ವಿರೂಪಣ್ಣನಿಗೆ. "ನಮ್ಮನ್ಯಾಗಿಂದು ಅಲ್ಲ ಬಿಡು. ಬಾಗಲಾ ತಪ್ಪಿ ಬಂದೀ."

"ಅತ್ತಿ, ಎಲ್ಲಾರೂ ಬರಸ್ತಾರ," ಎಂದ ಸಿದ್ರಾಮ. "ನಮ್ಮದೊಂದ ಖಾಲಿ ಇದ್ರ ಕೂಸು ಹಿಂದ ಬೀಳತೈತಿ."

"ನಾಳೆ ಸೆಟವಿ ಬರ್ತಾಳ. ಬರಿಯಾಕ ಆಕಿಗಿ ಜಾಗಾ ಬೇಕಲ್ಲ. ನೀವು ಎಂಜಲಾ ಮಾಡಿಟ್ಟ ಹಣಿ ಮ್ಯಾಲ ಬರೀತಾಳೇನು ಆಕಿ?"

ಆಗ ಒಳಗಿನಿಂದ ಬಂಗಾರೆವ್ವ ಮಾತಾಡಿದಳು. ಬಾಣಂತಿ ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು, ತಿರುಗಲಿಲ್ಲ.

"ಖಾಲಿ ಇರ್ಲಿ. ನನ್ನ ಹಣಿ ಮ್ಯಾಲ ಎದುರಾಡೂದಿಲ್ಲ ಅಂತ ಬರಸ್ಯಾನ ನಮ್ಮಪ್ಪ. ನಾ ಸಿಟ್ಟಿಗೆದ್ದಾಗೊಮ್ಮೆ ನೀವು ಹಲಗಿ ನೋಡ್ತೀರಿ. ನನ್ನ ಮಾರಿ ನೋಡೂದಿಲ್ಲ."

ಸಿದ್ರಾಮ ಬಾಗಿಲ ಚೌಕಟ್ಟು ಕೆರೆಯುತ್ತ ನಿಂತ. ನಾನು ಮಾತ್ರ ಬಾಯಿ ಮುಚ್ಚಲಿಲ್ಲ. ವಿರೂಪಣ್ಣ ಹಲಗೆ ಮಡಚಿಕೊಂಡು ಹೋದ ಮೇಲೂ ಬೈದೆ. ರೊಟ್ಟಿ ತಟ್ಟುತ್ತ ಬೈದೆ, ಮಗುವಿಗೆ ಎಣ್ಣೆ ಹಚ್ಚುತ್ತ ಬೈದೆ, ಬಾಣಂತಿಗೆ ನೀರು ಹಾಕುತ್ತ ಬೈದೆ. ಈ ಹಣೆಸಾಲಿಗೆ ಬೆಂಕಿ ಹಾಕ, ಇಂಥ ಹಣೆ ನಾಯಿಗೂ ಬೇಡ, ಹೇಸಿ ಕಾಲ, ಹೊಲಸು ಹುಟ್ಟು ಎಂದು ಏನೇನೋ. ನನ್ನ ಸಿಟ್ಟು ಧರ್ಮದ ಸಿಟ್ಟು ಎಂದು ತಿಳಿದಿದ್ದೆ.

ಐದನೆಯ ದಿನ ಸಂಜೆ ತಾಯಿಯನ್ನು ಕರೆದೆವು. ಮೊರದಲ್ಲಿ ಜೋಳ ಹರಡಿ, ಮೇಲೆ ಬಿಳಿ ಹಾಳೆ ಇಟ್ಟು, ಪಕ್ಕಕ್ಕೆ ಲೇಖನಿ, ಎಲೆ ಅಡಿಕೆ, ಒಂದು ಕುಬುಸದ ಕಣ. ಮಗುವಿನ ಹಣೆ ಒರೆಸಿ ದೀಪದ ಬೆಳಕಿಗೆ ಹಿಡಿದೆವು. ಮಿಣಿಮಿಣಿ ನೋಡಿತು. ಹಣೆಯ ಮೇಲೆ ಒಂದು ಕೂದಲಿನ ಗೆರೆಯೂ ಇರಲಿಲ್ಲ. ಇಷ್ಟು ಶುಭ್ರವಾದ ಜಾಗವನ್ನು ನಾನು ಇತ್ತೀಚೆಗೆ ಎಲ್ಲೂ ಕಂಡಿರಲಿಲ್ಲ. ಕೈ ಮುಗಿದು, ತಾಯೀ, ನಿನ್ನ ಮನಸ್ಸಿಗೆ ಬಂದದ್ದು ಬರಿ, ನಾವು ಇಣುಕುವುದಿಲ್ಲ ಎಂದೆ.

ಬೆಳಗಾಯಿತು. ಹಾಳೆ ಎಂದಿನಂತೆ ಖಾಲಿ ಇತ್ತು. ಬಾಗಿಲ ಕರಿಹಲಗೆ ಖಾಲಿ ಇರಲಿಲ್ಲ. ಸಿದ್ರಾಮ ಅದರ ಮುಂದೆ ನಿಂತಿದ್ದ, ನನ್ನನ್ನು ಕರೆಯಲೂ ಇಲ್ಲ. ನಾನೇ ಹೋಗಿ ಓದಿದೆ. ಹೆಸರಿಡದ ಹೆಣ್ಣುಮಗು, ಕರಿಮಟ್ಟಿ. ಅದರ ಕೆಳಗೆ ಹಣೆಸಾಲು: ಹೇಸಿ ಕಾಲ, ಹೊಲಸು ಹುಟ್ಟು. ಇಂಥ ಹಣೆ ನಾಯಿಗೂ ಬೇಡ. ಬೆಂಕಿ ಹಾಕ.

ನನ್ನ ಮಾತುಗಳು. ಒಂದಕ್ಷರ ಹೆಚ್ಚಿಲ್ಲ. ಬೈದದ್ದು ಹಣೆಸಾಲಿಗೆ ಎಂಬುದೊಂದು ಮಾತ್ರ ಬಿಟ್ಟುಹೋಗಿತ್ತು.

ವಿರೂಪಣ್ಣನನ್ನು ನಾನೇ ಹೋಗಿ ಕರೆತಂದೆ. ಅವನು ಓದಿ, ಕಷ್ಟಪಟ್ಟು ನಗು ತಡೆದುಕೊಂಡ. ತಡೆಯದಿದ್ದರೂ ನಾನು ಏನೂ ಅನ್ನುತ್ತಿರಲಿಲ್ಲ.

"ಯಕ್ಕಾ, ಖಾಲಿ ಅನ್ನೂದ ಇಲ್ಲ. ತಲಿಯೊಳಗ ಏನೂ ಬರೀಲಿಲ್ಲಂದ್ರ ಅರಸ ಮೈಯಾಗಿಂದ ತಗೋತಾನ. ಕೂಸಿನ ಮೈ ಅಂದ್ರ ಈ ಮನಿ. ಮನಿಯಾಗ ಯಾರ ಮಾತು ಹೆಚ್ಚೈತಿ?"

ಸಿದ್ರಾಮನೂ ಬಂಗಾರೆವ್ವನೂ ನನ್ನ ಕಡೆ ತಿರುಗಿದರು. 

"ಈಗಾದ್ರೂ ನಾ ಬರದದ್ದು ಹಾಕ್ಲಿ?" ಎಂದ ವಿರೂಪಣ್ಣ. ಸಿದ್ರಾಮ ಆಗಲೇ ಹ್ಞೂಂ ಎಂದ. ವಿರೂಪಣ್ಣ ನನ್ನ ಮುಖ ನೋಡಿ ಮತ್ತೆ ಅಂದ, "ಬ್ಯಾಡಾದ್ರ ತೋರಬೇಡ ಗುರುತು ಹಾಕಿಬಿಡ್ತೀನಿ. ಆಮ್ಯಾಲ ಸಾವಕಾಶ ವಿಚಾರ ಮಾಡ್ರಿ."

ತಿರಕವ್ವ ಖಾಲಿ ಕೊಡ ಹಿಡಿದು ಬಂಡಿಯ ಹಿಂದೆ ನಡೆಯುವುದು ಕಣ್ಣಿಗೆ ಬಂತು. ಬೇಡ ಎಂದೆ. ಹಾಗಾದರೆ ಹಾಲುಬಣ್ಣವೇ? ಅದಕ್ಕೂ ಬೇಡ ಎನ್ನಲು ಬಾಯಿ ತೆರೆದವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡೆ. ನಿಮ್ಮ ಸುಳ್ಳಿಗೆ ಹೇಸಿದ್ದೆ, ಅವನ ಸುಳ್ಳಿಗೆ ಹೇಸಿದ್ದೆ. ಆ ಬೆಳಿಗ್ಗೆ ನನ್ನ ನಾಲಿಗೆಗೇ ಹೇಸಿದೆ. ಇವರು ಮಗುವಿನ ಹಣೆಗೆ ಬಣ್ಣ ಬಳಿಯುವವರಾದರೆ ನಾನು ಉಗುಳಿದವಳು. ಅದೂ ತಾಯಿಗಾಗಿ ತೆರವು ಮಾಡಿಟ್ಟ ಜಾಗದಲ್ಲಿ.

ಬಂಗಾರೆವ್ವ ಎದ್ದು ಕೂತು ಕೇಳಿದಳು. "ಮಾವಾರ, ಅರಸ ಮತ್ತ ಬರ್ತಾನೇನು?"

"ಬರ್ತಾನ. ಹೆಸರಿಡೂದ್ರೊಳಗ ಒಂದು ಸುತ್ತು ಬರಬಹುದು. ಬರದೂ ಇರಬಹುದು."

"ಬಂದ್ರ ಹೊಸಾ ಮಾತು ತಗೊತಾನ?"

"ಹಳೇದಕ್ಕಿಂತ ಹೊಸಾದು ಹೆಚ್ಚಿದ್ರ ತಗೊತಾನ."

"ಹಂಗಾರ ನಡೀರಿ ನೀವು," ಎಂದು ಅವಳು ನನ್ನ ಕಡೆ ತಿರುಗಿದಳು. "ಯವ್ವಾ, ಬೈಯೂದು ಬಿಡು. ಕೂಸಿನ ಬಗ್ಗೆ ಮಾತಾಡು."

ಇದು ನಮ್ಮ ಮನೆಯ ಹೊಸ ವ್ರತವಾಯಿತು. ಇಂಥ ವ್ರತ ಯಾವ ಪುರಾಣದಲ್ಲೂ ಇಲ್ಲ. ಸಿದ್ರಾಮ ಮೊದಲು ಶುರು ಮಾಡಿದ. ಕಿವಿಗುಂಡಿನ ಕೆಳಗೆ ನೆಟ್ಟಗೆ ನಿಂತು, ನಮ್ಮ ಮಗಳು ಬಲು ಜಾಣೆ, ನಮ್ಮ ಮಗಳಂಥ ಗುಣವಂತೆ ಈ ಸೀಮೆಯಲ್ಲಿಲ್ಲ ಎಂದು ಭಾಷಣ ಹೊಡೆದ.

"ಆರ್ ದಿನದ ಕೂಸು," ಎಂದೆ. "ಜಾಣತನಾ ಎಲ್ಲಿ ಕಂಡ್ರಿ?"

"ಮತ್ತೇನ್ ಹೇಳೂದತ್ತಿ?"

"ಕಂಡದ್ದ ಹೇಳ್ರಿ."

ಕಂಡದ್ದನ್ನು ಹೇಳುವುದು ಎಷ್ಟು ಕಷ್ಟವೆಂದು ನಮಗೆ ಆಗ ಗೊತ್ತಾಯಿತು. ಹುಟ್ಟಿದಾಗಿನಿಂದ ಸಾಲು ಓದಿ ಓದಿ ನಮ್ಮ ಕಣ್ಣಿಗೆ ಅಭ್ಯಾಸವೇ ತಪ್ಪಿತ್ತು. ಸಿದ್ರಾಮ ಮಗುವಿನ ಮುಂದೆ ಬಹಳ ಹೊತ್ತು ಕುಕ್ಕರಗಾಲಲ್ಲಿ ಕೂತಿದ್ದ. ಕೊನೆಗೆ, "ಎಡಗೈ ಮುಷ್ಟಿ ಬಿಚ್ಚೂದಿಲ್ಲ ನೋಡ್ರಿ ಇದು. ಬಲಗೈ ಬಿಚ್ಚತೈತಿ," ಎಂದ. ಅವನ ಬಾಯಿಂದ ಬಂದ ಮೊದಲ ನಿಜವಾದ ಮಾತು ಅದು. ಬಂಗಾರೆವ್ವ ಹೇಳಿದಳು, ಹಾಲು ಕುಡಿದ ಮೇಲೆ ಬಿಕ್ಕುತ್ತದೆ, ಬಿಕ್ಕಿ ತಾನೇ ಬೆಚ್ಚಿ ಬೀಳುತ್ತದೆ. ನಾನು ಹೇಳಿದೆ, ಬಲಗಿವಿಯ ಹಿಂದೆ ಅಜ್ಜನಿಗಿದ್ದಂಥ ಮಚ್ಚೆ ಇದೆ, ಸಾಸಿವೆಯಷ್ಟು. ಮಳ್ಳಿಯಂತೆ ತೊಲೆ ನೋಡುತ್ತದೆ ಎನ್ನಲು ಹೋಗಿ, ಮಳ್ಳಿ ಎಂಬ ಮಾತನ್ನು ನುಂಗಿ, ತೊಲೆ ನೋಡುತ್ತದೆ ಎಂದಷ್ಟೇ ಹೇಳಿದೆ.

ಬೈಗುಳ ತಡೆಯಲಾಗದಾಗ ನಾನು ಮನೆ ಬಿಟ್ಟು ಹಳೆಯ ಹೊಳೆಯ ಪಾತ್ರಕ್ಕೆ ಇಳಿಯುತ್ತಿದ್ದೆ. ನೀರು ದಿಕ್ಕು ಬದಲಿಸಿ ಹೋದ ಮೇಲೆ ಅಲ್ಲಿ ಬರೀ ಉಸುಕು. ಅಲ್ಲಿ ಕಿವಿಗುಂಡಿಲ್ಲ. ನಿಂತುಕೊಂಡು ವಿರೂಪಣ್ಣನನ್ನೂ, ಅರಸನನ್ನೂ, ನಿಮ್ಮನ್ನೂ ಬಾಯಿ ತುಂಬ ಬೈದು, ಉಗಿದು, ಬಾಯಿ ಮುಕ್ಕಳಿಸಿ ಮನೆಗೆ ಬರುತ್ತಿದ್ದೆ. ಓಣಿಯ ಹೆಂಗಸರು ಹೊಳೆಬಸವ್ವ ಹೊಳೆಗೆ ಹರಕೆ ಹೊತ್ತಿದ್ದಾಳೆ ಎಂದುಕೊಂಡರು. ಹಾಗೇ ಬಿಟ್ಟೆ. ಒಮ್ಮೆ ಒಲೆಯ ಮುಂದೆ ಕೈ ಸುಟ್ಟುಕೊಂಡಾಗ ಥೂ ಎಂಬುದು ತುದಿನಾಲಿಗೆಗೆ ಬಂತು. ಬಂಗಾರೆವ್ವ ಕಣ್ಣು ದೊಡ್ಡದು ಮಾಡಿದಳು. ಥೂ ಅನ್ನುವುದನ್ನು ತೂಗು ತೂಗು ಎಂದು ತಿರುಗಿಸಿ ಜೋಗುಳ ಮಾಡಿದೆ. ಅವಳು ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡಳು. ಎದುರಾಡುವುದಿಲ್ಲ ಎಂಬ ಹಣೆಯವಳು ಹಾಗೆ ನಕ್ಕಿದ್ದನ್ನು ಸಿದ್ರಾಮ ಹಲಗೆ ನೋಡದೆ ನೋಡಿದ.

ದಿನಗಳು ಹೋದವು. ಬಾಗಿಲ ಹಲಗೆಯಲ್ಲಿ ಮಾತ್ರ ನನ್ನ ಉಗುಳು ಹಾಗೇ ನಿಂತಿತ್ತು. ಬೆಳಗಾದರೆ ಅದನ್ನೇ ಮೊದಲು ನೋಡಬೇಕು. ಬಾಣಂತಿಯನ್ನು ನೋಡಲು ಬಂದವರು ಬಾಗಿಲಲ್ಲೇ ಅದನ್ನು ಓದಿ, ಮಗುವನ್ನು ಎತ್ತಿಕೊಳ್ಳದೆ ಕೊಬ್ಬರಿ ಬೆಲ್ಲ ಇಟ್ಟು ಹೋದರು. ಒಬ್ಬಳು ಸೆರಗಿನಿಂದ ಮೂಗು ಮುಚ್ಚಿಕೊಂಡಳು. ನನಗೆ ಬಂದ ಶಿಕ್ಷೆ ನನಗೆ ಬರಲಿ, ಆ ಕೂಸು ಏನು ಮಾಡಿತ್ತು? ತಿರಕವ್ವ ಒಬ್ಬಳು ಬಂದು, ಹಲಗೆಯ ಕಡೆ ನೋಡದೆ, ಮಗುವನ್ನು ಎತ್ತಿ ಎದೆಗೊತ್ತಿಕೊಂಡು, "ಬಿಕ್ಕತೈತೆಲ್ಲ ಇದು, ಬೆನ್ನು ತಟ್ರಿ," ಎಂದಳು. ಅರಸನ ಲೆಕ್ಕದಲ್ಲಿ ಆ ಹೊತ್ತು ನಮ್ಮ ಮನೆಗೆ ಯಾರೂ ಬಂದಿರಲಿಲ್ಲ.

ತೊಟ್ಟಿಲ ದಿನ ಬಂತು. ಬಂದವರ ಕಣ್ಣಿಗೆ ಬೀಳದಿರಲೆಂದು ನಾನು ಬೆಳಗಾಗುವ ಮುಂಚೆಯೇ ಹಲಗೆಯ ಮೇಲೆ ಒಂದು ಸೀರೆ ಇಳಿಬಿಟ್ಟಿದ್ದೆ. ಶಾಲೆಯವರೂ ಮದ್ದಿನ ಮನೆಯವರೂ ಸಾಲು ಬರೆದುಕೊಳ್ಳಲು ಜಗುಲಿಯಲ್ಲಿ ಕೂತಿದ್ದರು. ವಿರೂಪಣ್ಣ ಹಾಲುಬಣ್ಣದ ಸಾಲನ್ನು ಸಿದ್ಧವಾಗಿಟ್ಟುಕೊಂಡು ಕಂಬಕ್ಕೆ ಒರಗಿದ್ದ. ನಾನು ಹ್ಞೂಂ ಎನ್ನುವುದೊಂದೇ ಬಾಕಿ. ಸಿದ್ರಾಮ ನನ್ನ ಮುಖ ನೋಡಿದ, ನಾನು ಬಂಗಾರೆವ್ವನ ಮುಖ ನೋಡಿದೆ. ಅವಳು ಮಗುವನ್ನು ಎತ್ತಿಕೊಂಡು ತಾನೇ ಹಲಗೆಯ ಮುಂದೆ ನಡೆದಳು. ಅಲ್ಲಿ ಏನಾಯಿತೆಂದು ಹೇಳುವ ಮೊದಲು ನಿಮಗೆ ಹೇಳಬೇಕಾದ್ದನ್ನು ಹೇಳಿಬಿಡುತ್ತೇನೆ. ಅಲ್ಲಿ ಆದದ್ದನ್ನು ಹೇಳಿದ ಮೇಲೆ ನನಗೆ ಮತ್ತೆ ಬೈಯಲು ಮನಸ್ಸಾಗುವುದಿಲ್ಲ.

ನೀವು ಈಗ ಕೂತು ತಲೆಯ ಸಾಲು ಬರೆಯುತ್ತಿದ್ದೀರಿ. ಬರೆಯಿರಿ, ಬೇಡವೆನ್ನುವುದಿಲ್ಲ. ಹುಡುಕುವವನಿಗೆ ಬಾಗಿಲು ಗೊತ್ತಾಗಬೇಕು. ಹಪ್ಪಳ ಮಾರುವವಳು ಹಪ್ಪಳ ಎಂದು ಬರೆಯಲಿ, ಉದ್ದಿನದೋ ಅಕ್ಕಿಯದೋ ಹೇಳಲಿ, ಸಾಕು. ಇಲ್ಲದ ರುಚಿಯನ್ನು ತಲೆಯಲ್ಲಿ ಇಟ್ಟು ಮೈಯಲ್ಲಿ ಹಳಸಿದ್ದನ್ನು ಬಡಿಸಬೇಡಿ. ಹೆಸರನ್ನು ಹತ್ತು ಸಲ ಬರೆದು ಜಪವನ್ನು ಹೊಲಸು ಮಾಡಬೇಡಿ. ಕಟ್ಟುವಾಗ ಇಟ್ಟ ತೋರಬೇಡ ಗುರುತನ್ನು ಕಟ್ಟಿ ಮುಗಿದ ಮೇಲೆ ಒಮ್ಮೆ ನೋಡಿ ತೆಗೆಯಿರಿ. ಅದರ ಹಿಂದೆ ಒಬ್ಬ ತಿರಕವ್ವ ಕೊಡ ಹಿಡಿದು ನಿಂತಿರಬಹುದು. ತಲೆ ಖಾಲಿ ಬಿಟ್ಟು ನಾನು ಶುದ್ಧಳು ಎಂದೂ ಬೀಗಬೇಡಿ, ಮೈಯಲ್ಲಿ ಏನಿದೆಯೋ ಅದೇ ತಲೆಗೆ ಬರುತ್ತದೆ ಎಂಬುದನ್ನು ಈ ಹೆಂಗಸು ಮೊಮ್ಮಗಳ ಹಣೆಯಲ್ಲಿ ಕಂಡಿದ್ದಾಳೆ. ಮತ್ತು ದಯವಿಟ್ಟು ಈ ವಿದ್ಯೆಯನ್ನು ಅಂಗಡಿಯ ಹೊಸ್ತಿಲಿನಲ್ಲೇ ನಿಲ್ಲಿಸಿ. ಮನುಷ್ಯರ ಹಣೆಗೆ ಏರಲು ಬಿಡಬೇಡಿ. ಅಲ್ಲಿ ಬರೆಯುವವಳು ಬೇರೆ ಇದ್ದಾಳೆ.

ಈ ಪತ್ರಕ್ಕೆ ನಾನು ಹಣೆಸಾಲು ಬರೆದಿಲ್ಲ. ಅರಸ ಇದರ ಮೈಯಿಂದ ಯಾವ ಮಾತು ಎತ್ತುತ್ತಾನೋ ಎತ್ತಲಿ. ಇದರಲ್ಲಿ ಬೈಗುಳ ಹೆಚ್ಚಿವೆ, ಅದು ನನಗೂ ಗೊತ್ತು. ಆದರೆ ಇದನ್ನು ಹಳೆಯ ಹೊಳೆಯ ಉಸುಕಿನಲ್ಲಿ ಕೂತು ಬರೆದಿದ್ದೇನೆ. ಬರೆಯುತ್ತ ಬಾಯಿಬಿಟ್ಟು ಓದುವವಳು ನಾನು, ಮನೆಯಲ್ಲಿ ಒಂದಕ್ಷರವೂ ಬರೆದಿಲ್ಲ.

ತೊಟ್ಟಿಲ ದಿನ ಬೆಳಿಗ್ಗೆ ಅರಸ ಸುತ್ತಿಗೆ ಬಂದು ಹೋಗಿದ್ದ. ಬಂಗಾರೆವ್ವ ಸೀರೆ ಸರಿಸಿ, ಮಗುವಿನ ಕಿವಿಗೆ ಕೇಳುವಂತೆ ಹಲಗೆಯನ್ನು ಓದಿದಳು. ಅವಳು ಅಷ್ಟು ಗಟ್ಟಿಯಾಗಿ ಓದಿದ್ದನ್ನು ನಾನು ಕೇಳಿರಲಿಲ್ಲ.

ಎಡಗೈ ಮುಷ್ಟಿ ಬಿಚ್ಚುವುದಿಲ್ಲ. ಬಿಕ್ಕಿದರೆ ತಾನೇ ಬೆಚ್ಚುತ್ತದೆ, ಬೆನ್ನು ತಟ್ಟಬೇಕು. ಬಲಗಿವಿಯ ಹಿಂದೆ ಸಾಸಿವೆಯಷ್ಟು ಮಚ್ಚೆ. ತೊಲೆ ನೋಡುತ್ತದೆ. ತೂಗು ತೂಗು...

ಅಳತೆ ಮೀರಿತ್ತು. ಅರಸ ಕತ್ತರಿಸಿದ್ದ. ಶಾಲೆಯವನು, "ಚುಕ್ಕಿ ಬಿದ್ದಾವಲ್ರೀ," ಎಂದು ಲೇಖನಿ ಎತ್ತಿ ನಮ್ಮ ಮುಖ ನೋಡಿದ. ವಿರೂಪಣ್ಣ, ಒಂದು ಮಾತು ತೆಗೆದರೆ ಅಳತೆಗೆ ಕೂರಿಸುತ್ತೇನೆ ಎಂದು ಮುಂದೆ ಬಂದ. ಬೇಡ ಎಂದು ನಾನು ಅವನ ಕೈ ಹಿಡಿದೆ. ಬೈಯಲಿಲ್ಲ. ಆ ಮೂರು ಚುಕ್ಕೆಗಳ ಆಚೆ ಇರುವಷ್ಟು ಜಾಗ ಸಾಕು, ತಾಯಿ ಅಲ್ಲಿ ಬರೆಯುತ್ತಾಳೆ, ಹಾಗೇ ಬರೆದುಕೊಳ್ಳಿ ಎಂದೆ. ಬರೆದುಕೊಂಡರು, ಚುಕ್ಕೆಗಳ ಸಮೇತ.

ಹೊಳೆಬಸವ್ವ
ಸೆಟವಿ ಗುಡಿಯ ಓಣಿ, ಕರಿಮಟ್ಟಿ